30,000 ರೂಪಾಯಿಯಲ್ಲಿ ಬೆಲೆಬಾಳುವಂತೆ ಕಾಣುವ ಉಡುಪು, ಜೊತೆಗೊಂದು ಬ್ಯಾಗು: ಮುಂಬೈಯವರ ಸಲಹೆ ಬೇಕು

ಪ್ರಶ್ನೆ: ಡೊಂಬಿವಲಿಯ ಧಾರವಾಡದವಳು

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು, ಆರು ವರ್ಷಗಳಿಂದ ಡೊಂಬಿವಲಿಯಲ್ಲಿದ್ದೇನೆ. ಇಷ್ಟು ದಿನ ಲೆಕ್ಕಪತ್ರ ವಿಭಾಗದ ಒಂದು ಮೂಲೆಯಲ್ಲಿ ಕುಳಿತು ಮಾಡುವ ಕೆಲಸವಾಗಿದ್ದರಿಂದ ಏನು ಉಟ್ಟುಕೊಂಡು ಹೋದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಬರುವ ತಿಂಗಳಿನಿಂದ ಬಿಕೆಸಿಯ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ಕಚೇರಿಯಲ್ಲಿ ದೊಡ್ಡ ಗ್ರಾಹಕರನ್ನು ಎದುರುಗೊಳ್ಳುವ ಹುದ್ದೆ ಸಿಕ್ಕಿದೆ. ಸಂತೋಷವಾಗಿದೆ, ಆದರೆ ಕಪಾಟು ತೆರೆದಾಗಲೆಲ್ಲ ಅಳುಕಾಗುತ್ತದೆ.

ಕಳೆದ ವಾರ ನಡೆದ ಒಂದು ಸಣ್ಣ ಸಂಗತಿಯನ್ನು ಹೇಳುತ್ತೇನೆ. ನನ್ನ ಕೈಕೆಳಗಿನ ಹುಡುಗಿಯೊಬ್ಬಳನ್ನು ಕರೆದುಕೊಂಡು ಒಂದು ಕಚೇರಿಗೆ ಹೋಗಿದ್ದೆ. ಸ್ವಾಗತದ ಮೇಜಿನಲ್ಲಿದ್ದವರು ಮಾತನ್ನೆಲ್ಲ ಅವಳೊಂದಿಗೇ ಆಡಿದರು. ಒಳಗಿದ್ದ ಅಧಿಕಾರಿಯೂ ಮೊದಲು ಕೈ ಚಾಚಿದ್ದು ಅವಳ ಕಡೆಗೇ. ಅವಳು ಉಟ್ಟಿದ್ದು ಸಾದಾ ನೀಲಿ ಪ್ಯಾಂಟು ಮತ್ತು ಬಿಳಿ ಅಂಗಿ. ನಾನು ಹಬ್ಬಕ್ಕೆಂದು ಕೊಂಡಿದ್ದ, ಕತ್ತಿನ ಸುತ್ತ ಕಸೂತಿಯಿದ್ದ ಕುರ್ತಾ ಹಾಕಿದ್ದೆ. ಬೆಲೆಯಲ್ಲಿ ನನ್ನದೇ ಹೆಚ್ಚಿನದು. ಬರುವಾಗ ರಿಕ್ಷಾದಲ್ಲಿ ಕುಳಿತು ಇದನ್ನೇ ಯೋಚಿಸಿದೆ: ಹೆಚ್ಚು ಹಣ ಕೊಟ್ಟವಳು ನಾನು, ಹೆಚ್ಚು ಹಣವುಳ್ಳವಳಂತೆ ಕಂಡವಳು ಅವಳು. ಇದು ಹೇಗೆ?

ಉಡುಪು, ಚಪ್ಪಲಿ, ಬ್ಯಾಗು ಎಲ್ಲ ಸೇರಿ 30,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಲು ನನ್ನಿಂದ ಆಗುವುದಿಲ್ಲ. ಗೆಳತಿಯೊಬ್ಬಳು ತನಗೆ ಪರಿಚಯವಿರುವ ಅಂಗಡಿಯಲ್ಲಿ ಪ್ಯಾರಿಸ್ಸಿನ ಹೆಸರಾಂತ ಕಂಪನಿಯ ಅಕ್ಷರಗಳಿರುವ ಕಂದು ಬ್ಯಾಗಿನ ಫಸ್ಟ್ ಕಾಪಿ, ಅಂದರೆ ಅಸಲಿಯಂತೆಯೇ ಕಾಣುವ ನಕಲು, 3,500 ರೂಪಾಯಿಗೆ ಸಿಗುತ್ತದೆಂದೂ, ಅದು ಅಪ್ಪಟ ಲೆದರ್ ಎಂದೂ, ಯಾರಿಗೂ ಗೊತ್ತಾಗುವುದಿಲ್ಲವೆಂದೂ ಒತ್ತಾಯಿಸುತ್ತಿದ್ದಾಳೆ. ಕೊಳ್ಳಲೇ, ಬೇಡವೇ? ಇನ್ನೊಂದು ಮಾತು, ನನ್ನದು ಬೆಳಗಿನ ಲೋಕಲ್ ರೈಲಿನ ಪ್ರಯಾಣ. ಡೊಂಬಿವಲಿಯಲ್ಲಿ ಹತ್ತಿ ಕುರ್ಲಾದಲ್ಲಿ ಇಳಿಯುವಷ್ಟರಲ್ಲಿ ಇಸ್ತ್ರಿ ಮಾಡಿದ ಬಟ್ಟೆ ಹಿಂಡಿದ ಬಟ್ಟೆಯಂತಾಗಿರುತ್ತದೆ. ಅದನ್ನೂ ಗಮನದಲ್ಲಿಟ್ಟುಕೊಂಡು ತಿಳಿದವರು ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ: ಹೊಲಿಗೆ ಎಣಿಸುವವಳು

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಆ ಹುಡುಗಿಯ ಅಂಗಿ ಅವಳ ಮೈಗೆ ಸರಿಯಾಗಿ ಕೂತಿತ್ತು, ನಿಮ್ಮ ಕುರ್ತಾ ಕೂತಿರಲಿಲ್ಲ ಎಂದು ನೋಡದೆಯೇ ಹೇಳಬಲ್ಲೆ. ವಿದೇಶಕ್ಕೆ ಬಟ್ಟೆ ಕಳುಹಿಸುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ತಪಾಸಣೆಯ ಕೆಲಸ ಮಾಡಿದ್ದೇನೆ. ಒಂದೇ ಥಾನಿನ ಬಟ್ಟೆ, ಒಂದೇ ಸಾಲಿನ ಹೊಲಿಗೆಯವರು, ಆದರೂ ಎರಡು ಬೇರೆ ಕಂಪನಿಗಳ ಚೀಟಿ ಹೊತ್ತು ಒಂದು ಅಂಗಿ ಇನ್ನೊಂದರ ನಾಲ್ಕರಷ್ಟು ಬೆಲೆಗೆ ಹೋಗುವುದನ್ನು ಕಣ್ಣಾರೆ ಕಂಡವಳಿಗೆ ಚೀಟಿಯ ಮೇಲೆ ಭಕ್ತಿ ಉಳಿಯುವುದಿಲ್ಲ. ಆದರೆ ಹೊಲಿಗೆಯ ಮೇಲಿನ ಭಕ್ತಿ ಹೆಚ್ಚಾಗುತ್ತದೆ.

ಮೊದಲು ಹೆಗಲನ್ನು ನೋಡಿ. ತೋಳು ಸೇರುವ ಹೊಲಿಗೆ ನಿಮ್ಮ ಹೆಗಲಿನ ಮೂಳೆ ಮುಗಿಯುವಲ್ಲೇ ಇರಬೇಕು. ಅರ್ಧ ಇಂಚು ಕೆಳಗಿಳಿದರೂ ಅಕ್ಕನ ಬಟ್ಟೆಯನ್ನು ತಂಗಿ ಹಾಕಿಕೊಂಡಂತೆ ಕಾಣುತ್ತದೆ. ಸೊಂಟ, ಉದ್ದ, ತೋಳಿನ ಅಗಲ ಇವನ್ನೆಲ್ಲ ಯಾವ ಬೀದಿಯ ದರ್ಜಿಯಾದರೂ ಸರಿಮಾಡಿಕೊಡುತ್ತಾನೆ, ಆದರೆ ಹೆಗಲನ್ನು ಸರಿಪಡಿಸಬೇಕಾದರೆ ಅಂಗಿಯನ್ನು ಪೂರ್ತಿ ಬಿಚ್ಚಿ ಮತ್ತೆ ಹೊಲಿಯಬೇಕಾಗುತ್ತದೆ. ಆದ್ದರಿಂದ ಸಿದ್ಧ ಉಡುಪು ಕೊಳ್ಳುವಾಗ ಹೆಗಲಿಗೆ ಹೊಂದುವುದನ್ನು ಆರಿಸಿಕೊಂಡು ಉಳಿದದ್ದನ್ನು ದರ್ಜಿಗೆ ಬಿಡಿ. ಪ್ರತಿ ಉಡುಪಿಗೆ ಅದರ ಬೆಲೆಯ ಜೊತೆಗೆ ಇನ್ನೂರು ಮುನ್ನೂರು ರೂಪಾಯಿ ಆಲ್ಟ್ರೇಷನ್ ಖರ್ಚನ್ನು ಮೊದಲೇ ಸೇರಿಸಿ ಲೆಕ್ಕ ಹಾಕಿಕೊಳ್ಳುವುದು ನನ್ನ ಪದ್ಧತಿ.

ಎರಡನೆಯದಾಗಿ ಬಟ್ಟೆಯನ್ನು ಒಳಮಗ್ಗುಲಿಗೆ ತಿರುಗಿಸಿ. ಅಂಗಡಿಯವನು ಮುಖ ಕಿವಿಚಿದರೂ ಚಿಂತೆಯಿಲ್ಲ. ಒಳ್ಳೆಯ ಅಂಗಿಯಲ್ಲಿ ಇಂಚಿಗೆ ಹತ್ತರಿಂದ ಹನ್ನೆರಡು ಹೊಲಿಗೆಗಳಾದರೂ ಇರುತ್ತವೆ, ಎಂಟಕ್ಕಿಂತ ಕಡಿಮೆಯಿದ್ದರೆ ಅದು ಅವಸರದ ಕೆಲಸ. ಗೆರೆ ಅಥವಾ ಚೌಕಳಿಯ ಬಟ್ಟೆಯಾದರೆ ಜೇಬಿನ ಗೆರೆ ಎದೆಯ ಗೆರೆಗೆ, ಎಡಪಕ್ಕೆಯ ಗೆರೆ ಬಲಪಕ್ಕೆಯ ಗೆರೆಗೆ ಕೂಡುತ್ತದೆಯೇ ನೋಡಿ. ಹಾಗೆ ಕೂಡಿಸಲು ಬಟ್ಟೆ ಹೆಚ್ಚು ವ್ಯರ್ಥವಾಗುವುದರಿಂದ ಅಗ್ಗದ ತಯಾರಕರು ಆ ಗೊಡವೆಗೇ ಹೋಗುವುದಿಲ್ಲ. ಎದುರಿಗಿರುವವರು ಇದನ್ನೆಲ್ಲ ಅಳೆಯುತ್ತಾರೆಂದಲ್ಲ. ಆದರೆ ಗೆರೆ ತಪ್ಪಿದ ಅಂಗಿಯನ್ನು ಕಂಡಾಗ ಏನೋ ಸರಿಯಿಲ್ಲ ಎಂದು ಅವರ ಕಣ್ಣಿಗೆ ಹೊಳೆಯುತ್ತದೆ, ಏನೆಂದು ಮಾತ್ರ ಹೇಳಲಾರರು.

ಕಾಲರಿನ ಬಗ್ಗೆ ಒಂದು ಎಚ್ಚರಿಕೆ. ಕಾಲರು ನೆಟ್ಟಗೆ ನಿಲ್ಲಲೆಂದು ಒಳಗೆ ಒಂದು ಗಟ್ಟಿ ಬಟ್ಟೆಯನ್ನು ಬಿಸಿಮಾಡಿ ಅಂಟಿಸಿರುತ್ತಾರೆ. ಅಂಟು ಕಳಪೆಯಾಗಿದ್ದರೆ ನಾಲ್ಕೈದು ಒಗೆತಕ್ಕೆ ಕಾಲರಿನ ಮೇಲೆ ಗುಳ್ಳೆಗಳೇಳುತ್ತವೆ, ಅವು ಯಾವ ಇಸ್ತ್ರಿಗೂ ಜಗ್ಗುವುದಿಲ್ಲ. ಅಂಗಡಿಯಲ್ಲೇ ಕಾಲರನ್ನು ಎರಡು ಬೆರಳುಗಳ ನಡುವೆ ಹಿಡಿದು ತಿಕ್ಕಿ ನೋಡಿದರೆ ಪದರಗಳು ಒಂದರ ಮೇಲೊಂದು ಜಾರುತ್ತವೆಯೇ ಎಂಬುದು ಸ್ವಲ್ಪಮಟ್ಟಿಗೆ ತಿಳಿಯುತ್ತದೆ.

ಈಗ ಲೋಕಲ್ಲಿನ ಮಾತು. ಲಿನನ್ ಬಗ್ಗೆ ಯಾರು ಎಷ್ಟೇ ಹೊಗಳಿದರೂ ನೀವು ಅದರ ತಂಟೆಗೆ ಹೋಗಬೇಡಿ. ಅಗಸೆ ನಾರಿಗೆ ಸ್ಥಿತಿಸ್ಥಾಪಕ ಗುಣ ಬಹಳ ಕಡಿಮೆ. ಒಮ್ಮೆ ಮಡಿಕೆ ಬಿದ್ದರೆ ತಾನಾಗಿ ಬಿಡುವುದಿಲ್ಲ. ಕಾರಿನಲ್ಲಿ ಓಡಾಡುವವರಿಗೆ ಆ ಸುಕ್ಕು ಶೋಭೆ, ಠಾಣೆ ದಾಟುವಾಗ ಒಂಟಿಕಾಲಿನಲ್ಲಿ ನಿಂತವರಿಗೆ ಅದೇ ಸುಕ್ಕು ದೈನ್ಯ. ಬಿಗಿಯಾಗಿ ಹುರಿಗೊಳಿಸಿದ ನೂಲಿನ ಕ್ರೇಪ್, ತೆಳು ಉಣ್ಣೆಯ ಪ್ಯಾಂಟಿನ ಬಟ್ಟೆ, ಸ್ವಲ್ಪ ದಪ್ಪ ನೇಯ್ಗೆಯ ಹತ್ತಿ ಇವು ತಡೆದುಕೊಳ್ಳುತ್ತವೆ. ಉಣ್ಣೆ ಎಂದೊಡನೆ ಸ್ವೆಟರ್ ನೆನೆದು ಬೆವರಬೇಡಿ, ಸೂಟಿಗೆ ಬಳಸುವ ತೆಳು ಉಣ್ಣೆಯು ಪಾಲಿಯೆಸ್ಟರಿಗಿಂತ ತಂಪಾಗಿರುತ್ತದೆ. ಅದನ್ನು ರಾತ್ರಿ ಹ್ಯಾಂಗರಿಗೆ ತೂಗುಹಾಕಿದರೆ ಬೆಳಗಾಗುವಷ್ಟರಲ್ಲಿ ಸುಕ್ಕು ಬಹುಪಾಲು ಇಳಿದಿರುತ್ತದೆ.

ನೀವು ಸಿದ್ಧ ಉಡುಪಿಗಿಂತ ಬಟ್ಟೆ ಕೊಂಡು ಹೊಲಿಸುವುದು ಉತ್ತಮವೆಂದು ನನಗನಿಸುತ್ತದೆ. ಕ್ರಾಫರ್ಡ್ ಮಾರುಕಟ್ಟೆಯ ಪಕ್ಕದ ಮಂಗಲದಾಸ್ ಮಾರ್ಕೆಟ್ಟಿಗೆ ಶನಿವಾರ ಬೆಳಿಗ್ಗೆಯೇ ಹೋಗಿ, ಭಾನುವಾರ ಬಾಗಿಲು ಹಾಕಿರುತ್ತದೆ. ಸಂದೇಹ ಬಂದರೆ ತುಂಡಿನ ಅಂಚಿನಿಂದ ನಾಲ್ಕು ಎಳೆ ಕೇಳಿ ತಂದು ಮನೆಯಲ್ಲಿ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ರೇಷ್ಮೆ, ಉಣ್ಣೆಗಳಾದರೆ ಕೂದಲು ಸುಟ್ಟ ವಾಸನೆ ಬಂದು ಬೆರಳಿನಲ್ಲಿ ಪುಡಿಯಾಗುವ ಕರಿ ಉಳಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎಳೆಯನ್ನು ಚಿಮಟಿಗೆಯಲ್ಲಿ ಹಿಡಿಯಿರಿ, ಕರಗಿದ ಪಾಲಿಯೆಸ್ಟರ್ ಬೆರಳಿಗಂಟಿದರೆ ಬೊಬ್ಬೆ ಖಚಿತ. ಹತ್ತಿ ಬಟ್ಟೆಯನ್ನು ಹೊಲಿಯಲು ಕೊಡುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸುವುದನ್ನು ಮರೆಯಬೇಡಿ.

ನಿಮಗೆ ಬೇಕಾದುದು ಎರಡು ಪ್ಯಾಂಟು, ನಾಲ್ಕು ಅಂಗಿ ಅಥವಾ ಸಾದಾ ಕುರ್ತಾ, ಒಂದು ಮೇಲಂಗಿ. ಬಣ್ಣ ಕಡುನೀಲಿ, ಕೆನೆಬಿಳಿ, ಬೂದು, ಕಾಫಿಪುಡಿಯ ಕಂದು. ಕಪ್ಪು ಹತ್ತಿಯನ್ನು ಬಿಡಿ. ಕಪ್ಪು ಬಣ್ಣ ಮಾಸಿದಾಗ ಮುಚ್ಚಿಡಲಾಗುವುದಿಲ್ಲ, ಹತ್ತು ಒಗೆತಕ್ಕೆ ಅದು ಬೂದಿಯೂ ಅಲ್ಲದ ಕಪ್ಪೂ ಅಲ್ಲದ ಬಣ್ಣಕ್ಕೆ ತಿರುಗುತ್ತದೆ. ಎಲ್ಲ ಹೊಲಿದು ಬಂದ ಮೇಲೆ ಪ್ಲಾಸ್ಟಿಕ್ ಗುಂಡಿಗಳನ್ನು ತೆಗೆಸಿ ಭುಲೇಶ್ವರದಲ್ಲಿ ಸಿಗುವ ಚಿಪ್ಪಿನ ಗುಂಡಿಗಳನ್ನು ಹಾಕಿಸಿ. ಅಪ್ಪಟ ಚಿಪ್ಪು ಕೆನ್ನೆಗೆ ತಾಗಿಸಿದರೆ ತಣ್ಣಗಿರುತ್ತದೆ. ಒಂದು ಅಂಗಿಯ ಕಳೆಯನ್ನು ಇಷ್ಟು ಕಡಿಮೆ ಹಣದಲ್ಲಿ ಬದಲಿಸುವ ಬೇರೊಂದು ಉಪಾಯ ನನಗೆ ಗೊತ್ತಿಲ್ಲ.

ಉತ್ತರ: ಧಾರಾವಿಯ ಲೆಕ್ಕಿಗ

ಬಟ್ಟೆಯ ವಿಷಯವನ್ನು ಮೇಲಿನವರು ಹೇಳಿ ಮುಗಿಸಿದ್ದಾರೆ. ನಾನು ಬ್ಯಾಗಿನ ಬಗ್ಗೆ ಮಾತ್ರ ಬರೆಯುತ್ತೇನೆ. ಧಾರಾವಿಯ ಚರ್ಮದ ಕೆಲಸದ ಮೂರು ಗಾಲೆಗಳಿಗೆ (ಸಣ್ಣ ಕಾರ್ಖಾನೆಗಳಿಗೆ) ಹದಿನಾಲ್ಕು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಹೊಲಿಯಲು ಬಾರದಿದ್ದರೂ ಯಾವ ತೊಗಲಿಗೆ ಯಾರು ಎಷ್ಟು ಕೊಟ್ಟರೆಂಬುದು ನನ್ನ ಪುಸ್ತಕದಲ್ಲಿರುತ್ತದೆ.

ನಿಮ್ಮ ಗೆಳತಿ ಹೇಳಿದ ಬ್ಯಾಗು ಯಾವ ಕಂಪನಿಯದೆಂದು ಊಹಿಸಬಲ್ಲೆ. ಲೂಯಿ ವಿಟಾನಿನ ಆ ಅಕ್ಷರ ಮತ್ತು ಹೂವುಗಳ ವಿನ್ಯಾಸ 1896ರಲ್ಲಿ ಹುಟ್ಟಿದ್ದು. ತಮಾಷೆಯೆಂದರೆ ಆ ವಿನ್ಯಾಸವಿರುವ ಅಸಲಿ ಬ್ಯಾಗಿನ ಮೈ ಲೆದರ್ ಅಲ್ಲವೇ ಅಲ್ಲ. ಅದು ಮೇಲೆ ಲೇಪ ಕೊಟ್ಟ ಕ್ಯಾನ್ವಾಸ್ ಬಟ್ಟೆ. ಚರ್ಮವಿರುವುದು ಹಿಡಿಕೆ ಮತ್ತು ಅಂಚುಪಟ್ಟಿಗಳಲ್ಲಿ ಮಾತ್ರ, ಬಣ್ಣ ಹಾಕದ ಆ ಚರ್ಮ ಕೈಬಿಸಿಗೆ, ಬಿಸಿಲಿಗೆ ವರ್ಷಗಳುರುಳಿದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ 'ಅಪ್ಪಟ ಲೆದರ್' ಎಂದು ಆ ಅಂಗಡಿಯವನು ಹೇಳಿದ ಕ್ಷಣವೇ, ತಾನು ಯಾವುದನ್ನು ನಕಲು ಮಾಡಿದ್ದೇನೆಂಬುದೂ ಅವನಿಗೆ ತಿಳಿದಿಲ್ಲವೆಂದು ತಿಳಿದುಕೊಳ್ಳಿ. ಬಿಕೆಸಿಯಲ್ಲಿ ನಿಮ್ಮ ಎದುರು ಕೂರುವವರಲ್ಲಿ ಅಸಲಿ ಬ್ಯಾಗು ಇಟ್ಟುಕೊಂಡವರು ಇದ್ದೇ ಇರುತ್ತಾರೆ. ಆ ಹಿಡಿಕೆಯನ್ನು ದಿನವೂ ಹಿಡಿಯುವವರ ಕಣ್ಣಿಗೆ ನಕಲಿನ ಹಿಡಿಕೆ ಬೀಳದೇ ಇರದು. ಬೇರೆಯವರು ಗುರುತಿಸುವುದಿಲ್ಲ ನಿಜ, ಆದರೆ ನೀವು ಮೆಚ್ಚಿಸಬೇಕೆಂದಿರುವುದು ಆ ಬೇರೆಯವರನ್ನಲ್ಲವಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1999ರ ವ್ಯಾಪಾರಚಿಹ್ನೆ ಕಾಯ್ದೆಯ ಪ್ರಕಾರ ನಕಲಿ ಚಿಹ್ನೆಯ ಸರಕನ್ನು ಮಾರುವುದು ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಇದು ಮಾರುವವನಿಗೆ ಸಂಬಂಧಿಸಿದ್ದು. ಆದರೆ ಅಂಥ ಅಂಗಡಿ ಇಂದಿದ್ದು ನಾಳೆ ಇಲ್ಲದಿರುವುದಕ್ಕೂ, ಜಿಪ್ಪು ಕಿತ್ತುಹೋದಾಗ ನಿಮಗೆ ಕೇಳಲು ಯಾರೂ ಸಿಗದಿರುವುದಕ್ಕೂ ಕಾರಣ ಅದೇ.

ನಕಲಿಯ ಮೈ ಅನೇಕ ವೇಳೆ ಪಾಲಿಯುರಿಥೇನ್ ಲೇಪದ ಬಟ್ಟೆ. ಗಾಳಿಯಲ್ಲಿರುವ ತೇವ ಈ ಲೇಪದ ರಾಸಾಯನಿಕ ಕೊಂಡಿಗಳನ್ನು ನಿಧಾನವಾಗಿ ಬಿಡಿಸುತ್ತದೆ. ಮುಂಬೈಯಂಥ ಕಡಲತಡಿಯ ಊರಿನಲ್ಲಿ ಇದು ಬೇಗ ನಡೆಯುತ್ತದೆ, ಬಳಸದೆ ಕಪಾಟಿನಲ್ಲಿಟ್ಟರೂ ನಡೆಯುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಹೊರತೆಗೆದಾಗ ಹಾವಿನ ಪೊರೆಯಂತೆ ಸುಲಿದು ಬರುವುದು ಇದರಿಂದಲೇ. ಅಂಗಡಿಗಳಲ್ಲಿ 'ಜೆನ್ಯೂನ್ ಲೆದರ್' ಎಂಬ ಮುದ್ರೆ ಕಂಡು ಹಿಗ್ಗಬೇಡಿ. ತೊಗಲಿನ ಮೇಲ್ಪದರವನ್ನು ಸೀಳಿ ತೆಗೆದ ಮೇಲೆ ಉಳಿಯುವ ಕೆಳಪದರಕ್ಕೆ ಬಣ್ಣದ ಲೇಪ ಕೊಟ್ಟು ಮಾಡಿದ ಬ್ಯಾಗಿಗೂ ಆ ಮುದ್ರೆ ಹೊಡೆಯುತ್ತಾರೆ. ಬಾಂಡೆಡ್ ಲೆದರ್ ಎಂಬುದು ಇನ್ನೂ ಕೆಳಗಿನದು, ಚರ್ಮದ ಪುಡಿಯನ್ನು ಅಂಟಿನಲ್ಲಿ ಕಲಸಿ ಹಾಳೆ ಮಾಡಿದ್ದು. ನೀವು ಕೇಳಬೇಕಾದುದು ಫುಲ್ ಗ್ರೇನ್, ಅಂದರೆ ಮೇಲ್ಪದರವನ್ನು ಉಜ್ಜದೆ ಹಾಗೆಯೇ ಉಳಿಸಿದ ತೊಗಲು; ಅದು ಕೈಗೆಟುಕದಿದ್ದರೆ ಟಾಪ್ ಗ್ರೇನ್, ಅಂದರೆ ಮೇಲ್ಪದರವನ್ನು ತುಸು ಉಜ್ಜಿ ನಯಗೊಳಿಸಿದ್ದು.

ನೋಡುವ ಬಗೆ ಹೀಗೆ. ಹೊಲಿಗೆ ಮುಗಿಯದ ಯಾವುದಾದರೂ ಅಂಚನ್ನು, ಉದಾಹರಣೆಗೆ ಪಟ್ಟಿಯ ತೂತನ್ನು, ಹತ್ತಿರದಿಂದ ನೋಡಿ. ತೊಗಲಾದರೆ ಎಳೆಎಳೆಯಾಗಿರುತ್ತದೆ, ರೆಕ್ಸಿನ್ ಆದರೆ ನೇಯ್ದ ಬಟ್ಟೆಯ ಬೆನ್ನು ಕಾಣುತ್ತದೆ. ಮೈಮೇಲಿನ ರಂಧ್ರಗಳು ಎಲ್ಲೆಡೆ ಒಂದೇ ಅಂತರದಲ್ಲಿದ್ದರೆ ಅದು ಯಂತ್ರದ ಅಚ್ಚು. ವಾಸನೆಯನ್ನು ಮಾತ್ರ ನಂಬಬೇಡಿ, ಚರ್ಮದ ವಾಸನೆಯ ಸಿಂಪಡಿಕೆಯೂ ಬಾಟಲಿಯಲ್ಲಿ ಸಿಗುತ್ತದೆ. ಬಕಲ್ಲು ಬಳೆಗಳು ಹಿತ್ತಾಳೆಯವಾಗಿರಲಿ. ಹೊಳಪಿನ ಲೇಪ ಕೊಟ್ಟ ಕಬ್ಬಿಣ ನಮ್ಮ ಉಪ್ಪುಗಾಳಿಗೆ ಒಂದೇ ವರ್ಷದಲ್ಲಿ ಚುಕ್ಕೆ ಹಿಡಿಯುತ್ತದೆ, ಜೇಬಿನಲ್ಲೊಂದು ಅಯಸ್ಕಾಂತವಿದ್ದರೆ ಕಬ್ಬಿಣವನ್ನು ಅಲ್ಲೇ ಪತ್ತೆಹಚ್ಚಬಹುದು.

ಸಯನ್-ಬಾಂದ್ರಾ ಲಿಂಕ್ ರಸ್ತೆಯ ಬದಿಯಲ್ಲಿ ಧಾರಾವಿಯ ಚರ್ಮದಂಗಡಿಗಳ ಸಾಲೇ ಇದೆ. 5,000ದಿಂದ 7,000 ರೂಪಾಯಿಯೊಳಗೆ ಹೆಸರಿಲ್ಲದ, ಚೌಕಾಕಾರದ, ನೆಟ್ಟಗೆ ನಿಲ್ಲುವ, ಲ್ಯಾಪ್‌ಟಾಪ್ ಹಿಡಿಸುವ ಬ್ಯಾಗನ್ನು ಅಲ್ಲಿ ಮಾಡಿಸಿಕೊಳ್ಳಲೂಬಹುದು. ಹೆಗಲಿಗೆ ಹಾಕುವ ಪಟ್ಟಿ ಇರಲೇಬೇಕು. ಶನೆಲ್ ಕಂಪನಿ 1955ರ ಫೆಬ್ರುವರಿಯಲ್ಲಿ ಹೊರತಂದ, ಆ ತಿಂಗಳು ವರ್ಷಗಳನ್ನೇ ಹೆಸರಾಗಿ ಹೊತ್ತ 2.55 ಬ್ಯಾಗಿನ ಹೆಚ್ಚುಗಾರಿಕೆಯೇ ಹೆಂಗಸರ ಕೈಗಳನ್ನು ಬಿಡುವು ಮಾಡಿಕೊಟ್ಟ ಹೆಗಲಸರಪಳಿ. ಲೋಕಲ್ಲಿನ ಕಂಬಿ ಹಿಡಿಯುವವರಿಗೆ ಅದರ ಬೆಲೆ ಪ್ಯಾರಿಸ್ಸಿನವರಿಗಿಂತ ಚೆನ್ನಾಗಿ ಗೊತ್ತು.

ಲೆಕ್ಕಿಗನಾದ್ದರಿಂದ ಲೆಕ್ಕವನ್ನೂ ಹಾಕಿಬಿಡುತ್ತೇನೆ. 6,000 ರೂಪಾಯಿಯ ಬ್ಯಾಗು ವರ್ಷಕ್ಕೆ ಮುನ್ನೂರು ದಿನದಂತೆ ನಾಲ್ಕು ವರ್ಷ ಬಂದರೆ ದಿನಕ್ಕೆ 5 ರೂಪಾಯಿ. 3,500 ರೂಪಾಯಿಯದು ಇನ್ನೂರು ದಿನಕ್ಕೆ ಸುಲಿದರೆ ದಿನಕ್ಕೆ 17 ರೂಪಾಯಿ 50 ಪೈಸೆ.

ಉತ್ತರ: ಗೋರೆಗಾಂವ್ ಪೂರ್ವ

ಇಬ್ಬರ ಮಾತನ್ನೂ ಗೌರವದಿಂದ ಓದಿದೆ, ಆದರೂ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಬೇಕೆನಿಸುತ್ತದೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಕೆಲವು ಕಚೇರಿಗಳಲ್ಲಿ ನೋಡುವವರ ಇಚ್ಛೆ ಎಂದರೆ ಹೆಸರೇ ಆಗಿರುತ್ತದೆ. ಅಲ್ಲಿ ಹೊಲಿಗೆಯನ್ನು ಎಣಿಸುವವರಿಲ್ಲ, ಚಿಹ್ನೆಯನ್ನು ಓದುವವರೇ ಎಲ್ಲ. ನಾನು ಮನೆ, ನಿವೇಶನಗಳ ಮಾರಾಟದ ಕೆಲಸದಲ್ಲಿದ್ದೇನೆ. ಹೆಸರಿಲ್ಲದ ಒಳ್ಳೆಯ ಬ್ಯಾಗನ್ನು ಎರಡು ವರ್ಷ ಹೊತ್ತೆ, ಒಬ್ಬರೂ ಗಮನಿಸಲಿಲ್ಲ. ಹಾಗೆಂದು ಫಸ್ಟ್ ಕಾಪಿಯನ್ನು ಸಮರ್ಥಿಸುತ್ತಿಲ್ಲ, ಅದನ್ನೂ ಒಮ್ಮೆ ಕೊಂಡು ಗ್ರಾಹಕರ ಮುಂದೆಯೇ ಹಿಡಿಕೆ ಕಿತ್ತುಬಂದು ಒಳಗಿದ್ದ ಊಟದ ಡಬ್ಬಿ ಅಮೃತಶಿಲೆಯ ನೆಲದ ಮೇಲೆ ಉರುಳಿಹೋದ ಅನುಭವ ನನಗಿದೆ. ನನ್ನ ಸಲಹೆ ಇಷ್ಟೇ: ಹೆಸರು ಬೇಕೇ ಬೇಕೆಂದಾದರೆ ಭಾರತದ್ದೇ ಆದ ಚರ್ಮದ ಕಂಪನಿಗಳಿವೆ. 1978ರಲ್ಲಿ ಪಾಂಡಿಚೇರಿಯಲ್ಲಿ ಆರಂಭವಾದ ಹೈಡಿಸೈನ್ ಅಂಥದ್ದೊಂದು. ರಿಯಾಯಿತಿಯ ಕಾಲಕ್ಕೆ ಕಾದು ಕೊಂಡರೆ ಅಸಲಿಯಾದ ಹೆಸರೂ ಅಸಲಿಯಾದ ತೊಗಲೂ ಒಟ್ಟಿಗೆ ಸಿಗುತ್ತವೆ.

ಉತ್ತರ: ಮಾಟುಂಗಾದ ಅತ್ತೆ

ತಂಗೀ, ಎಲ್ಲರೂ ಪ್ಯಾಂಟು ಅಂಗಿಗಳ ಮಾತನ್ನೇ ಆಡುತ್ತಿದ್ದಾರೆ. ಧಾರವಾಡದಿಂದ ಬಂದವಳಿಗೆ ಇಳಕಲ್ ಸೀರೆಯನ್ನು ಯಾರೂ ನೆನಪಿಸದಿರುವುದು ನನಗೆ ಸರಿಕಾಣಲಿಲ್ಲ. ಮೂವತ್ತೊಂದು ವರ್ಷ ಫೋರ್ಟಿನ ಬ್ಯಾಂಕೊಂದರಲ್ಲಿ ಸೀರೆಯುಟ್ಟೇ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ದೊಡ್ಡ ಗ್ರಾಹಕರು ಬರುವ ದಿನ ನನ್ನ ಮೇಲಧಿಕಾರಿಗಳು ಕೋಟು ಹುಡುಕುತ್ತಿದ್ದರೆ ನಾನು ಕಡುನೀಲಿಯ ಇಳಕಲ್ ಉಟ್ಟುಕೊಂಡು ಬರುತ್ತಿದ್ದೆ.

ಇಳಕಲ್ ಸೀರೆಯ ಸೆರಗನ್ನು ಬೇರೆಯಾಗಿ ಹಾಸು ಹೂಡಿ, ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಕೆಂಪು ಸೆರಗಿನ ಮೇಲಿನ ಬಿಳಿ ತೋಪು ತೆನೆಯ ಗೋಪುರಗಳನ್ನು ನೋಡಿದವರು ಮರೆಯುವುದಿಲ್ಲ. ಆದರೆ ಕೆಂಪು ಸೆರಗು ಕಚೇರಿಗೆ ತುಸು ಹೆಚ್ಚೆನಿಸಿದರೆ ಸಣ್ಣಂಚಿನ, ಒಂದೇ ಬಣ್ಣದ ಒಡಲಿನದನ್ನು ಆರಿಸಿಕೊಂಡು ಸೆರಗನ್ನು ಅಚ್ಚುಕಟ್ಟಾಗಿ ಮಡಿಸಿ ಹೆಗಲಿಗೆ ಪಿನ್ ಹಾಕು. ದಾದರಿನ ಅಂಗಡಿಗಳಲ್ಲಿ ಇಳಕಲ್ ಎಂದು ಕೊಡುವ ಸೀರೆಗಳಲ್ಲಿ ಯಂತ್ರಮಗ್ಗದ ಪಾಲಿಯೆಸ್ಟರಿನವು ಬೇಕಾದಷ್ಟಿವೆ; ಸೆರಗು ಒಡಲಿಗೆ ಸೇರುವ ಕಡೆ ತಿರುಗಿಸಿ ನೋಡಿ ಕೊಂಡಿಯ ಗಂಟುಗಳಿವೆಯೇ ಎಂದು ಪರೀಕ್ಷಿಸದೆ ಹಣ ಕೊಡಬೇಡ. ಊರಿಗೆ ಹೋದಾಗ ತಂದರೆ ಇನ್ನೂ ಒಳ್ಳೆಯದು. ಗುಳೇದಗುಡ್ಡದ ಖಣದ ಕುಬಸ ಅದಕ್ಕೆ ಜೋಡಿ. ಮರಾಠಿ ಹೆಣ್ಣುಮಕ್ಕಳಿಗೂ ಖಣ ಬಹಳ ಪ್ರೀತಿಯಾದ್ದರಿಂದ ಮೊದಲ ಭೇಟಿಯಲ್ಲೇ ಮಾತು ಬೆಳೆಯುತ್ತದೆ. ಕುಬಸ ಹೊಲಿಸುವಾಗ ಮಾತ್ರ ಜಿಪುಣತನ ತೋರಬೇಡ. ಸಾವಿರದ ಸೀರೆಯನ್ನು ಹತ್ತು ಸಾವಿರದ್ದೆನಿಸುವಂತೆ ಮಾಡುವುದೂ, ಹತ್ತು ಸಾವಿರದ್ದನ್ನು ಸಾವಿರದ್ದೆನಿಸುವಂತೆ ಮಾಡುವುದೂ ಕುಬಸವೇ. ಫಾಲು ಸೀರೆಯ ಬಣ್ಣಕ್ಕೇ ಹೊಂದಬೇಕು, ಅದು ಎಳೆದುಕೊಂಡು ಅಂಚು ಸುಕ್ಕಾಗಿದ್ದರೆ ಬಿಚ್ಚಿಸಿ ಮತ್ತೆ ಹಾಕಿಸು.

ಒಂದೇ ಒಂದು ದೊಡ್ಡ ಖರೀದಿ ಸಾಧ್ಯವೆಂದಾದರೆ ಇನ್ನೊಂದು ವರ್ಷ ಕೂಡಿಟ್ಟು ಮೈಸೂರು ರೇಷ್ಮೆ ಕೊಳ್ಳು. 1912ರಲ್ಲಿ ಮೈಸೂರು ಅರಸರು ಆರಂಭಿಸಿದ ಕಾರ್ಖಾನೆಯ ಆ ಸೀರೆ ಕ್ರೇಪ್ ನೇಯ್ಗೆಯದಾದ್ದರಿಂದ ಸುಕ್ಕಾಗುವುದು ಬಹಳ ಕಡಿಮೆ. ನನ್ನ ಮದುವೆಯ ಸೀರೆಯನ್ನು ಈಗ ನನ್ನ ಮಗಳು ತನ್ನ ಕಚೇರಿಯ ಸಮಾರಂಭಗಳಿಗೆ ಉಡುತ್ತಾಳೆ. ಸರಕಾರಿ ಮಳಿಗೆಯದಾದರೆ ಪ್ರತಿ ಸೀರೆಗೂ ಅದರದೇ ಸಂಖ್ಯೆಯಿರುತ್ತದೆ, ಅದನ್ನು ನೋಡಿ ತೆಗೆದುಕೋ.

ಕಾಲಿಗೆ ಕೊಲ್ಹಾಪುರಿ ಹಾಕಬಹುದು. ಹೆಸರು ಕೊಲ್ಹಾಪುರದ್ದಾದರೂ ಅಥಣಿ, ನಿಪ್ಪಾಣಿಗಳ ನಮ್ಮ ಕುಶಲಕರ್ಮಿಗಳ ಕೈಯೂ ಅದರಲ್ಲಿದೆ. 2019ರಲ್ಲಿ ಸಿಕ್ಕ ಭೌಗೋಳಿಕ ಮಾನ್ಯತೆ (ಜಿಐ ಟ್ಯಾಗ್) ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅಂಥದೇ ಚಪ್ಪಲಿಗಳನ್ನು ಹೆಸರು ಹೇಳದೆ ತೋರಿಸಿ, ಇಲ್ಲಿಂದ ಗದ್ದಲವೆದ್ದ ಮೇಲೆ ಭಾರತದ ಕುಶಲಕಲೆಯಿಂದ ಸ್ಫೂರ್ತಿ ಪಡೆದದ್ದೆಂದು ಒಪ್ಪಿಕೊಂಡಿತು. ಅವರು ವೇದಿಕೆಯ ಮೇಲೆ ಹಾಕಿದ್ದನ್ನು ನಾವು ಸಂತೆಗೆ ಹಾಕಿಕೊಂಡು ಹೋಗುತ್ತಿದ್ದೆವು! ಮಳೆಗಾಲದಲ್ಲಿ ಮಾತ್ರ ಹೊರಗೆ ತೆಗೆಯಬೇಡ; ನೀರು ಕುಡಿದರೆ ಅದರ ಅಟ್ಟೆ ಹಪ್ಪಳದಂತೆ ಉಬ್ಬುತ್ತದೆ.

ಮರುಪ್ರಶ್ನೆ: ಡೊಂಬಿವಲಿಯ ಧಾರವಾಡದವಳು

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಕಳೆದ ಶನಿವಾರ ಮಂಗಲದಾಸ್ ಮಾರ್ಕೆಟ್ಟಿಗೆ ಹೋಗಿದ್ದೆ. ಎಳೆ ಕೇಳಿದಾಗ ಒಬ್ಬ ಅಂಗಡಿಯವರು ನಕ್ಕು ಕೊಟ್ಟರು, ಇನ್ನೊಬ್ಬರು 'ಸುಟ್ಟು ನೋಡಲೆಂದೇ?' ಎಂದು ಕೇಳಿ ಥಾನನ್ನೇ ಮಡಚಿ ಮೇಲಿಟ್ಟರು. ನಕ್ಕವರಲ್ಲೇ ಕೊಂಡೆ. ಎರಡು ಪ್ಯಾಂಟಿಗೆ ತೆಳು ಉಣ್ಣೆ, ನಾಲ್ಕು ಅಂಗಿಗೆ ಹತ್ತಿ, ಮೇಲಂಗಿಗೆ ಬೂದು ಕ್ರೇಪ್, ಹೊಲಿಗೆ ಸೇರಿ 15,400 ರೂಪಾಯಿಗೆ ಮುಗಿಯಿತು. ಧಾರಾವಿಯಲ್ಲಿ ಕಾಫಿ ಬಣ್ಣದ ಬ್ಯಾಗನ್ನು 6,200ಕ್ಕೆ ಮಾಡಿಸಲು ಕೊಟ್ಟಿದ್ದೇನೆ. ಅತ್ತೆಯವರು ಹೇಳಿದ ಇಳಕಲ್ಲನ್ನು ಅವ್ವ ಊರಿನಿಂದ ಕಳುಹಿಸುತ್ತೇನೆಂದಿದ್ದಾಳೆ. ಕಸೂತಿಯ ಆ ಕುರ್ತಾವನ್ನು ಹೆಗಲಲ್ಲಿ ಅಳೆದು ನೋಡಿದಾಗ ಮುಕ್ಕಾಲು ಇಂಚು ಕೆಳಗಿಳಿದಿತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಎರಡು ಸಂದೇಹಗಳು ಉಳಿದಿವೆ. ಜೂನ್ ಬಂದರೆ ತೊಗಲಿನ ಬ್ಯಾಗನ್ನು ಏನು ಮಾಡಬೇಕು? ಅದರ ಬಣ್ಣ ಕೆನೆಬಿಳಿ ಅಂಗಿಗೆ ಹತ್ತುವುದಿಲ್ಲವೇ?

ಉತ್ತರ: ಧಾರಾವಿಯ ಲೆಕ್ಕಿಗ

ಬ್ಯಾಗನ್ನು ತರಲು ಹೋದಾಗ ಅಲ್ಲೇ ಬಿಳಿ ಕರವಸ್ತ್ರವನ್ನು ಸ್ವಲ್ಪ ಒದ್ದೆ ಮಾಡಿ ಬೆನ್ನಿನ ಭಾಗದ ಮೇಲೆ ಹತ್ತು ಬಾರಿ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಮೇಲ್ಲೇಪ ಇನ್ನೊಮ್ಮೆ ಕೊಡುವಂತೆ ಕೇಳಿ, ಇಲ್ಲವೆನ್ನುವುದಿಲ್ಲ. ಮೊದಲ ಎರಡು ವಾರ ಕಡುನೀಲಿಯ ಉಡುಪಿನ ಮೇಲೇ ಹೊತ್ತುಕೊಳ್ಳಿ.

ಮಳೆಗಾಲಕ್ಕೆ ಎರಡನೆಯ ಬ್ಯಾಗೊಂದು ಬೇಕಾಗುತ್ತದೆ. ದಪ್ಪ ನೈಲಾನಿನ, ಚಿತ್ರವಿಲ್ಲದ, ಕಪ್ಪು ಅಥವಾ ಕಡುನೀಲಿಯದು ಸಾಕು. ತೊಗಲಿನದನ್ನು ಒಣಬಟ್ಟೆಯಲ್ಲಿ ಒರೆಸಿ, ಒಳಗೆ ಬಿಳಿ ಕಾಗದ ತುಂಬಿ, ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಹಳೆಯ ಹತ್ತಿಯ ದಿಂಬಿನ ಚೀಲದಲ್ಲಿ ಹಾಕಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಹೊರತೆಗೆದು ಫ್ಯಾನಿನ ಕೆಳಗೆ ಒಂದು ಗಂಟೆ ಇಡಿ. ಅಕಸ್ಮಾತ್ ನೆನೆದರೆ ಬಿಸಿಲಿಗೂ ಇಡಬೇಡಿ, ಹೇರ್ ಡ್ರೈಯರನ್ನೂ ಹಿಡಿಯಬೇಡಿ. ನೆರಳಿನಲ್ಲಿ ತಾನಾಗಿ ಒಣಗಲಿ, ಆಮೇಲೆ ತುಸು ಲೆದರ್ ಕ್ರೀಮ್ ಸವರಿ. ಬೂಷ್ಟು ಕಂಡರೆ ಮನೆಯೊಳಗೆ ಒರೆಸದೆ ಬಾಲ್ಕನಿಗೆ ಒಯ್ದು ಒರೆಸಿ, ಇಲ್ಲವಾದರೆ ಅದರ ಪುಡಿ ಹಾರಿ ಕಪಾಟಿನಲ್ಲಿರುವ ಇಳಕಲ್ಲಿನ ಮೇಲೆ ಕೂರುತ್ತದೆ.